ಓನರ್ ಅಂಕಲ್ ಬಳಿಯೋ ಬಣ್ಣ

ನಮ್ಮ ಓನರ್ ಅಂಕಲ್ ಇದಾರಲ್ಲ, ಕೆಳಗಿನ ಮನೆ ಬಾಡಿಗೆಯವರ ಮಗಳಿಗೆ ಉಬ್ಬಸ ಕೆರಳ್ತು ಅಂದ್ರೆ ಪತ್ತೇದಾರನ ಥರ ಬಂದುಬಿಡ್ತಾರೆ. ದಿಂಬು ಕೊಡವಿ "ನೋಡಮ್ಮ, ಧೂಳು!" ಅಂತಾರೆ, ಬೆಕ್ಕು ಕಂಡ್ರೆ "ಎಲ್ಲಾ ಈ ಮಹರಾಯನ ಕೂದಲಿಂದಲೇ" ಅಂತಾರೆ, ಕಿಟಕಿ ಪಕ್ಕದ ಹೂಗಿಡಾನೂ ಬಿಡಲ್ಲ. ಪಾಪ, ಆ ತಾಯಿ ಬೆಕ್ಕನ್ನ ಯಾರಿಗೋ ಕೊಟ್ಟು, ಗಿಡ ಕಿತ್ತು ಬಿಸಾಕಿದ್ರೂ ಮಗು ಎದೆ ಸುಂಯ್ ಅನ್ನೋದು ನಿಂತಿಲ್ಲ. ಮಂಚದ ಹಿಂದಿನ ಗೋಡೆ ತುಂಬ ಕಪ್ಪಗೆ ಬೂಷ್ಟು. ಅದನ್ನ ತೋರಿಸಿದ್ರೆ ಮಾತ್ರ "ಬರೀ ಕಲೆ ಕಣಮ್ಮ" ಅಂತ ಮೇಲೆ ಬಣ್ಣ ಬಳಿದು ಹೋಗ್ತಾರೆ. "ಹಾಗಾದ್ರೆ ನಿಮ್ಮ ಮೊಮ್ಮಗಳನ್ನ ಒಂದು ದಿನ ಇಲ್ಲೇ ಮಲಗಿಸಿ ಅಂಕಲ್" ಅಂದ್ರು ಆ ತಾಯಿ ಮೊನ್ನೆ, ತಡೆಯೋಕಾಗದೆ. ಬ್ರಶ್ ಹಿಡಿದಿದ್ದ ಅಂಕಲ್ ಗಾಬರಿ ಬಿದ್ದು ಹೇಳಿದ್ದೇನು ಗೊತ್ತಾ? "ಅಯ್ಯಯ್ಯೋ, ಬೇಡಮ್ಮ! ಅವಳಿಗೆ ಬೂಷ್ಟು ಆಗ್ಬರಲ್ಲ!"