ಮಿಸೆಸ್ ಹ್ಯಾಲಮ್ ಎಂಬ ಕುರ್ಚಿ

ಬಫಲೊ ನಗರದ ನಮ್ಮ ಸಾಲ ವಸೂಲಿ ಕಚೇರಿಯಲ್ಲಿ ಯಾರೂ ಸ್ವಂತ ಹೆಸರಿನಲ್ಲಿ ಫೋನ್ ಮಾಡುತ್ತಿರಲಿಲ್ಲ. ಹೆಸರು ಕುರ್ಚಿಯದು; ಕೂತವರು ಬದಲಾದರೂ ಅದು ಅಲ್ಲೇ ಉಳಿಯುತ್ತಿತ್ತು. ಬರ್ನಡೀನ್ ಪಹೂಲ್ಸ್ಕಿ ಹತ್ತೊಂಬತ್ತು ವರ್ಷ ಮಿಸೆಸ್ ಹ್ಯಾಲಮ್ ಆಗಿದ್ದಳು. ಪಕ್ಕದಲ್ಲಿ ನಾನು, ಲೊರೇನ್, ಮಿಸ್ ಪೋರ್ಟರ್ ಆಗಿದ್ದೆ. ಜನ ಹಾಕುವ ಶಾಪವೆಲ್ಲ ಆ ಹೆಸರುಗಳಿಗೆ ತಟ್ಟುತ್ತದೆಂದು ನಾವು ನೆಮ್ಮದಿಯಾಗಿ ಊಟ ಮಾಡುತ್ತಿದ್ದೆವು.

ಬರ್ನಡೀನ್ ಯಾರನ್ನೂ ಗದರಿದವಳಲ್ಲ. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ದುಡ್ಡು ತೆಗೆಯುತ್ತಿದ್ದಳು. ಹೊಸಬರಿಗೆ ಅವಳದು ಒಂದೇ ಪಾಠ: "ದುಡ್ಡು ಕೇಳಿ ಸುಮ್ನಾಗ್ಬಿಡು ಕಣೆ. ಎಷ್ಟು ಹೊತ್ತಾದ್ರೂ ಸರಿ. ಮೊದ್ಲು ಬಾಯಿ ಬಿಟ್ಟೋರು ಕೊಟ್ಟೇ ಕೊಡ್ತಾರೆ." ಸುಮ್ಮನಾಗುವ ಮುಂಚೆ ಅವಳಿಗೊಂದು ಸಣ್ಣ ಕೆಮ್ಮು ಬರುತ್ತಿತ್ತು.

ಅವಳು ನಿವೃತ್ತಳಾದ ಮರುವರ್ಷ ಗಂಡ ಫ್ಲೋರಿಯನ್ ತೀರಿಕೊಂಡ. ಆರು ವಾರ ಕಳೆದಿತ್ತು. ಎಂದಿನಂತೆ ನಾನು ಪಿಯರೋಗಿ ಕಡುಬು ಬೇಯಿಸಿಕೊಂಡು ಹೋದಾಗ ಅವಳು ಫೋನನ್ನು ಟವೆಲಿನಲ್ಲಿ ಸುತ್ತಿಟ್ಟಿದ್ದಳು.

"ದಿನಾ ಬೆಳಿಗ್ಗೆ ಎಂಟಕ್ಕೆ ಬರುತ್ತೆ. ಫ್ಲೋರಿಯನ್‌ದು ಯಾವುದೋ ಹಳೇ ಕಾರ್ಡ್ ಸಾಲವಂತೆ. ಯಾರು ಅಂದೆ. ಮಿಸೆಸ್ ಹ್ಯಾಲಮ್ ಅಂತು."

"ಆ ಕುರ್ಚಿಗೆ ಯಾವಳೋ ಬಂದಿರ್ತಾಳೆ ಬಿಡು."

"ನನ್ನ ಧ್ವನಿ, ಲೊರೇನ್. ಕೆಮ್ಮೂ ನಂದೇ."

ಮಾಡಿದ್ದುಣ್ಣೋ ಮಹರಾಯ ಎಂದು ರೇಗಿಸಬೇಕೆನಿಸಿತು. ಮುಖ ನೋಡಿ ತಟ್ಟೆಗೆ ಬಡಿಸಿದೆ. ಗಂಡನ ಆ ಸಾಲಕ್ಕೆ ಅವಳು ಹೊಣೆಯಲ್ಲ, ಅದು ಇಬ್ಬರಿಗೂ ಗೊತ್ತು. ಆದರೆ ಚೆಕ್ಕಿನ ಕೆಳಗಿನ ಅಂಕಿಗಳನ್ನು ಒಮ್ಮೆ ಓದಿ ಹೇಳಿದರೆ ಮುಗಿಯಿತು, ಕಚೇರಿಯವರು ಅದರಿಂದಲೇ ಹಣ ಎಳೆಯುತ್ತಾರೆ, ಖಾತೆ ಬರಿದಾಗುವವರೆಗೆ ಬಿಡುವುದಿಲ್ಲ. ಎಷ್ಟೋ ವಿಧವೆಯರ ಖಾತೆಯನ್ನು ನಾವೇ ಹಾಗೆ ಬಳಿದಿದ್ದೆವು. ಅವಳಿಗೆ ಉಳಿದಿದ್ದದ್ದು ಒಂಬತ್ತು ಸಾವಿರ ಡಾಲರ್. ಫೋನ್ ಮಾಡಕೂಡದೆಂದು ಕಾಗದ ಬರೆ ಎಂದೆ. ಆಗಲೇ ಮೂರು ಬರೆದಿದ್ದಳಂತೆ. ಮೂರಕ್ಕೂ ಕಚೇರಿಯಿಂದ ಒಂದೇ ಉತ್ತರ: ಅಂಥ ಸಾಲ ನಮ್ಮಲ್ಲಿಲ್ಲ.

ಮನೆಗೆ ಬಂದು ಹಳೆಯ ಮೇಲ್ವಿಚಾರಕ ರಸೆಲ್‌ಗೆ ಫೋನ್ ಹಚ್ಚಿದೆ.

"ಹ್ಯಾಲಮ್ಮಾ?" ಎಂದು ನಕ್ಕ. "ಬರ್ನಡೀನ್ ಹೋದ್ಮೇಲೆ ಆ ಕುರ್ಚೀಲಿ ಯಾರೂ ಕೂತಿಲ್ಲ ಕಣಮ್ಮ. ಕೋಟು ನೇತಾಕ್ತೀವಿ ಅಷ್ಟೆ."

ಮರುದಿನ ಎಂಟಕ್ಕೆ ಮುಂಚೆಯೇ ಹೋಗಿ ಅವಳ ಪಕ್ಕ ಕೂತೆ. ಫೋನ್ ಬಡಿದುಕೊಂಡಿತು. ಅವಳು ಸ್ಪೀಕರ್ ಒತ್ತಿದಳು.

"ಬರ್ನಡೀನ್, ನಾನು ಮಿಸೆಸ್ ಹ್ಯಾಲಮ್. ಇವತ್ತು ಕೊಡ್ತೀರಲ್ವಾ?"

ಆಮೇಲೆ ಕೆಮ್ಮು, ಆಮೇಲೆ ಮೌನ. ಹತ್ತೊಂಬತ್ತು ವರ್ಷ ಪಕ್ಕದಲ್ಲೇ ಕೇಳಿದ ಧ್ವನಿ ಅದು, ನಾನು ತಪ್ಪುವುದಿಲ್ಲ. ಬರ್ನಡೀನ್ ತುಟಿ ಬಿಗಿದು ಕೂತಿದ್ದಳು. ಅವಳು ಉಸಿರು ಬಿಟ್ಟಾಗಲೆಲ್ಲ ಆ ಕಡೆಯೂ ಉಸಿರು ಬಿಡುತ್ತಿತ್ತು. ನನಗೆ ಅಲ್ಲಿಂದ ಓಡಿಹೋಗುವಷ್ಟು ಭಯವಾಯಿತು. ಕಾಫಿ ಆರಿತು. ಹನ್ನೊಂದು ನಿಮಿಷದ ಮೇಲೆ ಆ ಕಡೆಯೇ ಮೊದಲು ಬಾಯಿ ಬಿಟ್ಟಿತು. ಗೆದ್ದೆವೆಂದು ನಾನು ಅವಳ ಮೊಣಕೈ ತಿವಿದೆ.

"ನಿಮ್ಮ ಯಜಮಾನ್ರು ಕೊನೇಲಿ ನಿಮ್ಮ ಹತ್ರ ಏನಂದ್ರು?" ಎಂದಿತು ಧ್ವನಿ.

ಈ ಪ್ರಶ್ನೆಯೂ ಅವಳದೇ. ವಿಧವೆಯರಿಗೆಂದೇ ಇಟ್ಟುಕೊಂಡಿದ್ದಳು, ಒಂದು ಸಲವೂ ಹುಸಿಹೋಗಿರಲಿಲ್ಲ. ನಾನು ಫೋನ್ ಆರಿಸಲು ಕೈ ಚಾಚಿದೆ. ಅವಳು ನನ್ನ ಮಣಿಕಟ್ಟು ಹಿಡಿದುಕೊಂಡಳು.

"ಗ್ಯಾರೇಜ್ ಬಾಗ್ಲು ಹಾಕಿದ್ಯಾ ಅಂತ ಕೇಳಿದ," ಎಂದು ಫೋನಿಗೆ ಹೇಳಿದಳು. "ಹಾಕಿದೀನಿ ಅಂದೆ. ಹಾಕಿರ್ಲಿಲ್ಲ."

ಆಮೇಲೆ ಅರ್ಧ ಗಂಟೆ ಫ್ಲೋರಿಯನ್ನನ ಮಾತೇ. ಆ ಕಡೆ ಹೂಂಗುಟ್ಟುತ್ತಿತ್ತು, ಒಂದು ಮಾತಿಗೂ ಅಡ್ಡ ಬರಲಿಲ್ಲ. ಕೊನೆಗೆ ಅವಳು ಕಣ್ಣೊರೆಸಿಕೊಂಡು, ಚೆಕ್ ಪುಸ್ತಕ ತೆರೆದು, ಅಂಕಿಗಳನ್ನು ಒಂದೊಂದಾಗಿ ಓದಿದಳು. ಕರೆ ನಿಂತಿತು.

"ಗೊತ್ತಿದ್ದೂ ಕೊಟ್ಯಲ್ಲೇ ಹುಚ್ಚಿ," ಎಂದು ಗದರಿದೆ.

"ಅವನ ಬಗ್ಗೆ ಯಾರೂ ಕೇಳಿರ್ಲಿಲ್ಲ ಕಣೆ."

ಆರು ವಾರ ದಿನ ಬಿಟ್ಟು ದಿನ ಆ ಮನೆಗೆ ಹೋಗಿದ್ದೆ. ಬಡಿಸಿದ್ದೆ, ಪಾತ್ರೆ ತೊಳೆದಿದ್ದೆ, ಬಾಗಿಲ ಮುಂದಿನ ಹಿಮ ಗೋರಿದ್ದೆ. ನಾನೂ ಕೇಳಿರಲಿಲ್ಲ.