ಎದುರಿಗೆ ಬಂದು ನಿಲ್ಲು ಎನ್ನುತ್ತಿದ್ದ ಗಿರಿಜತ್ತೆ

ಗಿರಿಜತ್ತೆ ಯಾರನ್ನೂ ಓರೆಗಣ್ಣಿನಿಂದ ನೋಡಿದವರಲ್ಲ. ನೋಡಲು ಅವರಿಗೆ ಆಗುತ್ತಲೂ ಇರಲಿಲ್ಲ. ಪಕ್ಕದಿಂದ ಯಾರಾದರೂ ಕರೆದರೆ ತಲೆ, ಹೆಗಲು, ಸೆರಗು ಸಮೇತ ಇಡೀ ಮೈಯನ್ನೇ ತಿರುಗಿಸಿ, ಕರೆದವರ ಮುಖವನ್ನು ಹುಡುಕಿ ಹಿಡಿದು, ಆಮೇಲೆ "ಏನು?" ಎನ್ನುತ್ತಿದ್ದರು. ಗೊತ್ತಿಲ್ಲದವರಿಗೆ ಅದು ಗತ್ತಿನಂತೆ ಕಾಣುತ್ತಿತ್ತು. ವಿಶಾಖಪಟ್ಟಣದ ಅವರ ಮನೆಯ ಮಹಡಿಯನ್ನು ಬಾಡಿಗೆಗೆ ಕೇಳಲು ಹೋದ ದಿನ ನನಗೂ ಹಾಗೇ ಅನ್ನಿಸಿತ್ತು. ನಾನು ಬಾಗಿಲ ಪಕ್ಕ ನಿಂತು ನನ್ನ ಹರುಕುಮುರುಕು ತೆಲುಗಿನಲ್ಲಿ ಏನೋ ತೊದಲುತ್ತಿದ್ದೆ. ಅದರಲ್ಲೇ ನನ್ನ ಕನ್ನಡವನ್ನು ಗುರುತಿಸಿದ ಅವರು ನಿಧಾನವಾಗಿ ನನ್ನತ್ತ ತಿರುಗಿ, ಶುದ್ಧ ಹೊಸಪೇಟೆಯ ಕನ್ನಡದಲ್ಲಿ ಹೇಳಿದರು:

"ಎದುರಿಗೆ ಬಂದು ನಿಲ್ಲವ್ವಾ. ಪಕ್ಕದಾಗ ನಿಂತ್ರ ನೀನು ನನ್ನ ಪಾಲಿಗೆ ಇಲ್ಲ."

ನನಗೆ ಕುಣಿದಾಡುವಷ್ಟು ಸಂತೋಷವಾಯಿತು. ಮಂಡ್ಯದಿಂದ ಅಷ್ಟು ದೂರ ಬಂದು, ಕನ್ನಡದಲ್ಲಿ ಗದರಿಸುವವರೊಬ್ಬರು ಸಿಕ್ಕಿದ್ದರು. ಮೇಡಂ ಎಂದೆ. "ಮೇಡಂ ಅನ್ನೋರು ಕಾಲೇಜಿನಾಗ ಸಾಕಾಗುವಷ್ಟು ಇದ್ರು. ಅತ್ತೆ ಅನ್ನು" ಎಂದರು. ಅಲ್ಲಿಗೆ ಮನೆ ಸಿಕ್ಕಿತು, ಅತ್ತೆಯೂ ಸಿಕ್ಕಿದರು.

ಹೊಸಪೇಟೆಯಲ್ಲಿ ಹುಟ್ಟಿ, ವಿಜಯವಾಡದ ತೆಲುಗು ಮನೆಗೆ ಸೊಸೆಯಾಗಿ ಹೋಗಿ, ಗಂಡನ ಕೆಲಸದ ಜೊತೆ ವಿಶಾಖಪಟ್ಟಣಕ್ಕೆ ಬಂದವರು ಅವರು. ಕಾಲೇಜೊಂದರಲ್ಲಿ ಭೌತಶಾಸ್ತ್ರ ಕಲಿಸಿ ನಿವೃತ್ತರಾಗಿದ್ದರು. ಮಗಳು ಪದ್ಮ ವಿಜಯವಾಡದಲ್ಲೇ ಇದ್ದಳು. ಅಮ್ಮನ ಜೊತೆ ಫೋನಿನಲ್ಲಿ ಕನ್ನಡದಲ್ಲಿ ಶುರು ಮಾಡಿ ಎರಡನೇ ವಾಕ್ಯಕ್ಕೆ ತೆಲುಗಿಗೆ ಜಾರುತ್ತಿದ್ದಳು. "ಇವಳ ಕನ್ನಡ ಊಟಕ್ಕೆ ಮೊದಲು ಇಡೋ ಉಪ್ಪು ಇದ್ದಂಗ, ಎಲಿ ಮೂಲ್ಯಾಗ ಒಂಚೂರು" ಎಂದು ಅತ್ತೆ ನಗುತ್ತಿದ್ದರು.

ತಮ್ಮ ಕಣ್ಣು ಹೋದ ಕತೆಯನ್ನು ಅವರು ಮುಚ್ಚಿಡುತ್ತಿರಲಿಲ್ಲ. ಹಾಲಿನವನಿಗೂ ಹೇಳುತ್ತಿದ್ದರು, ಸಿಂಹಾಚಲಂ ದೇವಸ್ಥಾನದ ದರ್ಶನದ ಸಾಲಿನಲ್ಲಿ ಮುಂದೆ ನಿಂತ ಅಪರಿಚಿತ ಹೆಂಗಸಿಗೂ ಹೇಳುತ್ತಿದ್ದರು. ಸೀಮೆಸುಣ್ಣದ ಪುಡಿಗೋ ಏನಕ್ಕೋ ಅವರ ಕಣ್ಣು ಸದಾ ತುರಿಸಿ ಕೆಂಪಾಗುತ್ತಿತ್ತಂತೆ. ವೈದ್ಯರು ಒಂದು ಸಲ ಕೆಲವೇ ದಿನಕ್ಕೆಂದು ಸ್ಟೆರಾಯ್ಡ್ ಹನಿ ಬರೆದುಕೊಟ್ಟರು. ಹಾಕಿದೊಡನೆ ಕಣ್ಣು ಹಾಲಿನಂತೆ ಬೆಳ್ಳಗಾಯಿತು. ಅತ್ತೆಗೆ ಅದೇ ರುಚಿ ಹತ್ತಿತು. ಕೆಂಪಾದಾಗಲೆಲ್ಲ ಅಂಗಡಿಗೆ ಹೋಗಿ ಅದೇ ಹಳೆಯ ಸೀಸೆ ತೋರಿಸುವುದು, ಹೊಸದು ತರುವುದು. ಹೀಗೇ ವರ್ಷಗಟ್ಟಲೆ ನಡೆಯಿತು. ಕಣ್ಣಿನೊಳಗೆ ಒತ್ತಡ ಏರುತ್ತಿದ್ದರೂ ನೋವಾಗಲಿಲ್ಲ, ಗೊತ್ತಾಗಲೂ ಇಲ್ಲ.

"ಗೋಡಿ ಪಕ್ಕದ ಬೆಂಚಿನ ಹುಡುಗೀರು ಕೈ ಎತ್ತಿದ್ರೂ ನನಗ ಕಾಣ್ತಿರಲಿಲ್ಲ. ಈ ವರ್ಷದ ಮಕ್ಕಳು ಪ್ರಶ್ನೀನ ಕೇಳಲ್ಲ ಅಂತ ಅವರನ್ನ ಬೈದೆ. ಬೆಳಕಿನ ಪಾಠ ಮಾಡಾಕಿ ನಾನು, ನನ್ನ ಕಣ್ಣಾಗ ಕತ್ತಲಿ ಸುತ್ತಲಿಂದ ಬರಾಕತ್ತಿದ್ದು ನನಗ ತಿಳೀಲಿಲ್ಲ."

ಪಕ್ಕದ ನೋಟ ಹೋಗಿ, ನಡುವಿನದಷ್ಟೇ ಉಳಿದಿತ್ತು. ಹೋದದ್ದು ತಿರುಗಿ ಬರುವುದಿಲ್ಲ, ಉಳಿದದ್ದನ್ನು ಕಾಪಾಡಿಕೊಳ್ಳಬೇಕು ಎಂದಿದ್ದರಂತೆ ವೈದ್ಯರು. ಒತ್ತಡ ತಗ್ಗಿಸುವ ಹನಿಯನ್ನು ಅವರು ದೇವರಿಗೆ ದೀಪ ಹಚ್ಚುವಷ್ಟೇ ನಿಯಮದಿಂದ ಹಾಕಿಕೊಳ್ಳುತ್ತಿದ್ದರು.

ಒಮ್ಮೆ ನಮ್ಮ ಬೀದಿಯಲ್ಲಿ ಕಣ್ಣುಬೇನೆ ಬಂತು. ಎದುರು ಮನೆಯ ಲಕ್ಷ್ಮಿ ಬಹಳ ಒಳ್ಳೆಯ ಹೆಂಗಸು, ಕರಿಬೇವಿನಿಂದ ಹಿಡಿದು ಕುಕ್ಕರಿನವರೆಗೆ ಏನು ಕೇಳಿದರೂ ಇಲ್ಲ ಎಂದವಳಲ್ಲ. ಅವಳ ಅತ್ತೆಯ ಕಣ್ಣಿನ ಪೊರೆಯ ಆಪರೇಶನ್ ಆದಾಗ ತಂದಿದ್ದ ಹನಿ ಅರ್ಧ ಮಿಕ್ಕಿ, ಫ್ರಿಜ್ಜಿನಲ್ಲಿ ಮೊಸರಿನ ಪಕ್ಕ ಕೂತಿತ್ತು. ಆಂಟಿಬಯೋಟಿಕ್ಕೂ ಸ್ಟೆರಾಯ್ಡೂ ಎರಡೂ ಬೆರೆಸಿದ ಔಷಧ. ಆ ಸೀಸೆ ಮನೆಯಿಂದ ಮನೆಗೆ ಹೊರಟಿತು. ಮೂರನೆಯ ಮನೆಯ ಮೆಟ್ಟಿಲಲ್ಲಿ ಗಿರಿಜತ್ತೆ ಅದನ್ನು ತಡೆದರು.

"ಪರವಾಲೇದು ಮೇಡಂ ಗಾರೂ, ಏನೂ ಆಗಲ್ಲ, ಒಳ್ಳೆ ಕಂಪನಿದೇ" ಎಂದಳು ಲಕ್ಷ್ಮಿ, ಕಣ್ಣು ಪಿಳುಕಿಸುತ್ತ. ಗಿರಿಜತ್ತೆಯ ಜೊತೆ ಅವಳೂ ಆಗಾಗ ಕನ್ನಡ ಬೆರೆಸುತ್ತಿದ್ದಳು.

"ಹೆಪ್ಪಿಗೆ ಮಜ್ಜಿಗಿ ಕೊಟ್ಟಂಗ ಕಣ್ಣಿನ ಹನಿ ಕೊಡ್ತಾರೇನು ತಾಯಿ? ಇದರ ಮೂತಿ ಎಷ್ಟು ಜನರ ಕಣ್ಣಿಗೆ ತಾಗೇತಿ? ಒಬ್ಬರ ಬೇನಿ ಇನ್ನೊಬ್ಬರ ಮನಿಗೆ ನೀನ ಹೊತ್ಕೊಂಡು ಹೋಗಾಕತ್ತೀಯಲ್ಲ" ಎಂದು, ಅದನ್ನೇ ತೆಲುಗಿನಲ್ಲೂ ಇನ್ನೊಮ್ಮೆ ಬೈದು, ಸೀಸೆಯನ್ನು ಕಸದ ಬುಟ್ಟಿಗೆ ಹಾಕಿದರು. ಲಕ್ಷ್ಮಿಗೆ ಮುನಿಸು ಬಂತು. ಸಂಜೆ ಗಿರಿಜತ್ತೆಯೇ ಅವಳನ್ನು ಕಣ್ಣಿನ ಡಾಕ್ಟರ ಬಳಿ ಕರೆದುಕೊಂಡು ಹೋದ ಮೇಲೆ ಮುನಿಸು ಇಳಿಯಿತು.

ಆದರೆ ನಾನು ಅವರನ್ನು ನೆನೆಯುವುದು ನನ್ನ ಬಲಗಣ್ಣಿಗಾಗಿ.

ಅಚ್ಯುತಾಪುರಂನ ಔಷಧ ಕಾರ್ಖಾನೆಯೊಂದರಲ್ಲಿ ನನ್ನ ಕೆಲಸ. ಇಂಜೆಕ್ಷನ್ನಿನ ಸಣ್ಣ ಸೀಸೆಗಳನ್ನು ಒಂದು ಸಲ ಕಪ್ಪು ಹಲಗೆಯ ಮುಂದೆ, ಒಂದು ಸಲ ಬಿಳಿ ಹಲಗೆಯ ಮುಂದೆ ಹಿಡಿದು, ಒಳಗೆ ಧೂಳಿನ ಎಳೆಯೋ ಗಾಜಿನ ಚೂರೋ ತೇಲುತ್ತಿದೆಯೇ ಎಂದು ನೋಡಬೇಕು. ಆಗಾಗ ನಮ್ಮ ಕಣ್ಣನ್ನೂ ಪರೀಕ್ಷಿಸುತ್ತಾರೆ. ಕಣ್ಣು ಸರಿಯಿಲ್ಲದವರಿಗೆ ಅಲ್ಲಿ ಕೆಲಸವಿಲ್ಲ. ಒಂದು ಬೆಳಿಗ್ಗೆ ಎದ್ದರೆ ಬಲಗಣ್ಣು ಕೆಂಡ. ಬೆಳಕು ಕಂಡರೆ ನೀರು ಸುರಿಯುತ್ತಿತ್ತು, ಒಳಗೆ ಮರಳು ಸಿಕ್ಕಿಕೊಂಡ ಹಾಗೆ ನೋವು. ಕಂಪನಿ ಬಸ್ಸು ಬರುವ ಹೊತ್ತು. ಗೆಳತಿಯೊಬ್ಬಳು ತನಗೆ ಹಿಂದೆ ಒಂದೇ ದಿನದಲ್ಲಿ ಗುಣ ಕೊಟ್ಟಿದ್ದ ಹನಿಯನ್ನು ಹಿಂದಿನ ಸಂಜೆ ನಾನು ಕಣ್ಣುಜ್ಜುತ್ತಿದ್ದುದನ್ನು ಕಂಡು ನನ್ನ ಕೈಗಿತ್ತಿದ್ದಳು. ಅದನ್ನು ಹಿಡಿದುಕೊಂಡು, ಕನ್ನಡಿಗೆ ಬೆಳಕು ಸಾಲದೆಂದು ಕೆಳಗಿನ ವರಾಂಡಕ್ಕೆ ಬಂದೆ.

"ಏನದು ಕೈಯಾಗ? ಎದುರಿಗೆ ಬಾ."

"ಏನಿಲ್ಲ ಅತ್ತೆ, ಕಣ್ಣು ವಸಿ ಕೆಂಪಾಗದೆ. ಒಂದು ಹನಿ ಬಿಟ್ಕಂಡು ಹೊಂಟೋಯ್ತೀನಿ."

ಸೀಸೆಯನ್ನು ಮೂಗಿನ ಹತ್ತಿರ ಹಿಡಿದು, ಅದರ ಮೇಲಿನ ಸಣ್ಣ ಅಕ್ಷರವನ್ನು ಒಂದೊಂದಾಗಿ ಓದಿದರು. ಬೈಯುತ್ತಾರೆ ಎಂದುಕೊಂಡೆ. ಬೈಯಲಿಲ್ಲ. ಅವರ ಮುಖ ಬಿಳಿಚಿಕೊಂಡಿತ್ತು.

"ಕಣ್ಣು ಕೆಂಪಾಗೇತಿ ಅಂದ್ರ ಅದು ಏನೋ ಹೇಳಾಕತ್ತೇತಿ. ಏನು ಅಂತ ಕೇಳೋಕಿಂತ ಮೊದಲ ಅದರ ಬಾಯಿ ಮುಚ್ಚಸ್ತೀಯಾ? ನಾನು ಮುಚ್ಚಿಸಿದೆ. ನೋಡು ಇಲ್ಲಿ, ನನ್ನ ನೋಡು."

ಬಸ್ಸು ಹೋಯಿತು. ಆಟೋದಲ್ಲಿ ಅವರು ನನ್ನ ಕೈ ಬಿಡಲಿಲ್ಲ. ವೈದ್ಯರು ಕಣ್ಣಿಗೆ ಹಳದಿ ಬಣ್ಣ ಹಚ್ಚಿ, ನೀಲಿ ಬೆಳಕು ಬಿಟ್ಟು ನೋಡಿದರು. ಕಪ್ಪುಗುಡ್ಡೆಯ ಮೇಲೆ ವೈರಸ್ಸಿನ ಹುಣ್ಣು, ಕೊಂಬೆ ಬಿಟ್ಟ ಗಿಡದ ಆಕಾರದಲ್ಲಿ ಇತ್ತಂತೆ. ನನ್ನ ಕೈಲಿದ್ದ ಸೀಸೆಯನ್ನು ನೋಡಿ, ಈ ಸ್ಟೆರಾಯ್ಡ್ ಬಿದ್ದಿದ್ದರೆ ಹುಣ್ಣು ಒಳಕ್ಕೆ ಹಬ್ಬುತ್ತಿತ್ತು, ಕಲೆ ಉಳಿದರೆ ದೃಷ್ಟಿಯೇ ಮಸುಕಾಗುತ್ತಿತ್ತು ಎಂದರು. ನಾನು ಅಳತೊಡಗಿದೆ. ಅತ್ತೆ ಸೆರಗಿನ ತುದಿಯಿಂದ ಕೆನ್ನೆಯನ್ನಷ್ಟೇ ಒರೆಸಿದರು. ಕಣ್ಣಿನ ಹತ್ತಿರ ಸೆರಗನ್ನು ಒಯ್ಯಲಿಲ್ಲ.

ಹುಣ್ಣು ಮಾಯಿತು. ಆದರೆ ಒಳಗೆ ಊತ ಉಳಿಯಿತು, ಮಂಜು ಕವಿದ ಹಾಗೆ ಕಾಣುತ್ತಿತ್ತು. ಆಗ ಅದೇ ವೈದ್ಯರು ವೈರಸ್ಸಿನ ಔಷಧದ ಜೊತೆಗೆ ಸ್ಟೆರಾಯ್ಡ್ ಹನಿಯನ್ನೇ ಬರೆದುಕೊಟ್ಟರು. ನನ್ನ ಜೀವ ಹಾರಿತು. ಔಷಧ ತಂದವಳು ತೆರೆಯದೆ ಹಾಗೇ ಇಟ್ಟೆ. ಗಿರಿಜತ್ತೆ ನನ್ನ ಪರ ನಿಲ್ಲುತ್ತಾರೆ ಎಂದು ನಂಬಿದ್ದೆ. ಅವರ ಬದುಕನ್ನೇ ಕಿರಿದು ಮಾಡಿದ ಹನಿ ಅಲ್ಲವೇ ಅದು?

"ತೆಗಿ ಅದನ್ನ" ಎಂದರು. "ನನ್ನ ಸಿಟ್ಟು ಹನಿ ಮೇಲೆ ಅಲ್ಲ, ಯಾರೂ ನೋಡದಂಗ ಹಾಕ್ಕೊಂಡೆನಲ್ಲ, ಅದರ ಮೇಲೆ. ನಿನ್ನ ಕಣ್ಣು ನೋಡಿ ಡಾಕ್ಟರು ಕೊಟ್ಟಾರ. ಹಾಕ್ಕೋ. ಅವರು ಹೇಳೋತನಕ ಹಾಕ್ಕೋ, ಅವರು ಇಳಿಸಿದಂಗ ಇಳಿಸು. ಕಣ್ಣು ತಿಳಿಯಾತು ಅಂತ ನೀನಾಗ ಬಿಟ್ಟೀ, ಕಾಲು ಮುರೀತೀನಿ."

ಅಂದಿನಿಂದ ವರಾಂಡದಲ್ಲಿ ನನಗೆ ದಿನವೂ ಪಾಠ. ಕೈ ತೊಳೆದು ಬಾ. ಕೆಳಗಿನ ರೆಪ್ಪೆ ಎಳೆದು ಬಟ್ಟಲು ಮಾಡು. ಸೀಸೆಯ ಮೂತಿ ಕಣ್ಣಿಗೂ ರೆಪ್ಪೆಗೂ ತಾಗಬಾರದು. ನಾನು ಭಯಕ್ಕೆ ಎರಡು ಹನಿ ಬಿಟ್ಟರೆ, "ಒಂದು ಕಣ್ಣಿಗೆ ಸರಿ, ಇನ್ನೊಂದು ಕೆನ್ನಿಗೇನು?" ಎಂದು ಕೇಳುತ್ತಿದ್ದರು. ಹನಿ ಬಿದ್ದ ಮೇಲೆ ಕಣ್ಣು ಮುಚ್ಚಿಸಿ, ಮೂಗಿನ ಪಕ್ಕದ ಮೂಲೆಯನ್ನು ಬೆರಳಿನಿಂದ ಒತ್ತಿ ಹಿಡಿಯಲು ಹೇಳಿ, ಔಷಧ ಗಂಟಲಿಗೆ ಇಳಿಯದಿರಲೆಂದು ತಾವೇ ಕಾಯುತ್ತಿದ್ದರು. ಮುಂದಿನ ಔಷಧಕ್ಕೆ ಮೊದಲು ಐದು ನಿಮಿಷ ಬಿಡುವು. ಆ ಬಿಡುವಿನಲ್ಲಿ ಹೊಸಪೇಟೆಯ ಸುದ್ದಿ. ಪ್ರತಿ ಸಲ ವೈದ್ಯರಲ್ಲಿಗೆ ಹೋದಾಗಲೂ ಮೊದಲ ಮಾತು ಅವರದೇ, "ಕಣ್ಣಿನ ಪ್ರೆಶರ್ ನೋಡಿದ್ರಾ?" ವೈದ್ಯರು ನಗುತ್ತಾ ನೋಡುತ್ತಿದ್ದರು.

ಮಂಜು ಕರಗಿತು. ಹನಿಗಳನ್ನು ಮೆಲ್ಲಗೆ ಇಳಿಸಿ ನಿಲ್ಲಿಸಿದರು. ಕಾರ್ಖಾನೆಯ ಕಣ್ಣಿನ ಪರೀಕ್ಷೆಯಲ್ಲಿ ಕೊನೆಯ ಸಾಲಿನ ಅಕ್ಷರಗಳನ್ನೂ ಓದಿದೆ. ಆ ಸಂಜೆ ನಾನು ಅವರ ಕಾಲಿಗೆ ಬಿದ್ದರೆ, "ಪಕ್ಕದಾಗ ಎಲ್ಲೋ ಬಿದ್ದೀಯಲ್ಲ, ಎದುರಿಗೆ ಬೀಳು, ಕಾಣ್ಲಿ" ಎಂದರು.

ಆಮೇಲೆ ಮೆಟ್ಟಿಲು ಇಳಿಯುವುದು ಅವರಿಗೆ ಕಷ್ಟವಾಗಿ, ಪದ್ಮ ಬಂದು ವಿಜಯವಾಡಕ್ಕೆ ಕರೆದುಕೊಂಡು ಹೋದಳು. ಅವರು ನಿದ್ದೆಯಲ್ಲೇ ಹೋದರೆಂಬ ಸುದ್ದಿ ಅವಳಿಂದಲೇ ಬಂತು. ಅದಕ್ಕೆ ಕೆಲವು ತಿಂಗಳ ಮೊದಲು ನಾನೊಮ್ಮೆ ಅಲ್ಲಿಗೆ ಹೋಗಿದ್ದೆ. ಅದೇ ಕೊನೆಯ ಭೇಟಿ.

ಪದ್ಮಳ ಮನೆಯ ಮಾಳಿಗೆಯಲ್ಲಿ ಕೂತಿದ್ದೆವು. ಒಂದು ಪಕ್ಕಕ್ಕೆ ಕೃಷ್ಣೆ, ಇನ್ನೊಂದು ಪಕ್ಕಕ್ಕೆ ಇಂದ್ರಕೀಲಾದ್ರಿ. ಅವರು ಹೇಳುವ ಮೊದಲೇ ಕುರ್ಚಿ ಎಳೆದು ಅವರ ಎದುರಿಗೆ ಕೂತೆ. ಅವರು ನನ್ನ ಗದ್ದ ಹಿಡಿದು, ಮುಖವನ್ನು ಬೆಳಕಿಗೆ ತಿರುಗಿಸಿ, ಬಲಗಣ್ಣನ್ನು ಬಹಳ ಹೊತ್ತು ನೋಡಿದರು.

"ಈಗ ನನ್ನ ಮೂಗು ನೋಡು. ತಲಿ ತಿರುಗಿಸಬ್ಯಾಡ. ಆ ಕಡೆ ಏನು ಕಾಣ್ತದ?"

"ಹೊಳೆ ಅತ್ತೆ. ನೀರು ಬಿಸಿಲಿಗೆ ಹೊಳೀತಾ ಅದೆ. ಒಂದು ದೋಣಿ ಹೋಯ್ತಾ ಅದೆ."

"ಈ ಕಡೆ?"

"ಬೆಟ್ಟ. ಮ್ಯಾಲೆ ಅಮ್ಮನ ಗುಡಿ. ಜನ ಸಾಲಾಗಿ ಹತ್ತುತಾ ಅವ್ರೆ."

"ಮತ್ತ?"

ನಾನು ಹೇಳುತ್ತಾ ಹೋದೆ. ಪಕ್ಕದ ಮಾಳಿಗೆಯಲ್ಲಿ ಒಣಹಾಕಿದ ಮೆಣಸಿನಕಾಯಿ, ಹಗ್ಗದ ಮೇಲಿನ ಹಸಿರು ಸೀರೆ, ನೀರಿನ ಟ್ಯಾಂಕಿನ ಮೇಲೆ ಕೂತ ಕಾಗೆ. ಗಿರಿಜತ್ತೆ ನನ್ನ ಮುಖವನ್ನೇ ನೋಡುತ್ತಾ, ಒಂದೊಂದಕ್ಕೂ "ಹ್ಞೂಂ, ಹ್ಞೂಂ" ಎಂದು ತಲೆಯಾಡಿಸುತ್ತಾ ಕೂತಿದ್ದರು.