ಉಜ್ಜಿ ಹಾಳಾದ ಹನ್ನೊಂದು ನಾಣ್ಯಗಳು

ಮೂಡಲಗಿ ಹೊಸದಾಗಿ ತಾಲೂಕಾದ ವರ್ಷ. ನಾಣ್ಯತಜ್ಞೆಯಾಗಿದ್ದ ನಾನು ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆ ಸಿಕ್ಕ ಹಳೆಯ ನಾಣ್ಯಗಳ ಕ್ಯಾಟಲಾಗ್ ಮಾಡುತ್ತಿದ್ದೆ. ಕೊಣ್ಣೂರಿನ ರೈತ ರಾಜೇಸಾಬರಿಗೆ ಪೈಪ್‌ಲೈನ್ ತೋಡುವಾಗ ಹನ್ನೊಂದು ಬೆಳ್ಳಿ ನಾಣ್ಯ ಸಿಕ್ಕವು. ಒಂದನ್ನೂ ಮುಚ್ಚಿಡದೆ ತಂದುಕೊಟ್ಟರು. ಅವು ರೋಮನ್ ಸಾಮ್ರಾಜ್ಯದ ಕೊನೆಗಾಲದ ‘ಸಿಲಿಕ್ವಾ’ಗಳು, ತಲಾ ಸುಮಾರು ಎರಡು ಗ್ರಾಂ. ನಮ್ಮ ಕಡೆ ತೀರಾ ಅಪರೂಪ. ಯಾವ ಊರಿನ ಟಂಕಸಾಲೆಯಲ್ಲಿ ಅಚ್ಚಾದವು ಎಂದು ಹೇಳುವುದು ಹಿಂಬದಿಯ ತಳದಲ್ಲಿರುವ ಪುಟ್ಟ ಅಕ್ಷರಗಳು. ಅವು ಇನ್ನೂ ಕಪ್ಪು ಪದರದಡಿ ಇದ್ದವು. ತೂಕ, ಅಂಚಿನ ಬಿರುಕು ಬರೆದುಕೊಂಡೆ, ಫೋಟೊ ಮುಂದಿನ ವಾರ ತೆಗೆದರಾಯಿತು ಎಂದುಕೊಂಡೆ. ರಾಜೇಸಾಬರಿಗೆ ತಿಳಿಯಲೆಂದು ರಸೀದಿಯಲ್ಲಿ ‘ಪುತಳಿ, ಹನ್ನೊಂದು’ ಎಂದು ಬರೆದೆ. ಮುಖವಿರುವ ಹಳೆಯ ನಾಣ್ಯಕ್ಕೆ ಅಲ್ಲಿ ಪುತಳಿ ಎನ್ನುತ್ತಾರೆ. ಕೊರಳ ಸರಕ್ಕೆ ಪೋಣಿಸುವ ಬಿಲ್ಲೆಗೂ ಅದೇ ಹೆಸರು.

ನಾಣ್ಯಗಳನ್ನು ರಸೀದಿಯ ಪ್ರತಿಯೊಂದಿಗೆ ಒಂದು ಸರ್ಕಾರಿ ಕಚೇರಿಯಲ್ಲಿಟ್ಟೆ, ಅದರ ಹೆಸರು ಬೇಡ. ವಾರ ಬಿಟ್ಟು ಹೋದರೆ ಎಲ್ಲವೂ ಹೊಸ ಚಮಚದ ಹಾಗೆ ಫಳಫಳ. ತೂಕ ಕಡಿಮೆ. ತಳದ ಅಕ್ಷರ ಒಂದೂ ಇಲ್ಲ. ನಡುವೆ ಒಮ್ಮೆ ನೋಡಲು ಬಂದಿದ್ದ ರಾಜೇಸಾಬರೇ ಅಸಲಿ ಎತ್ತಿ ಬೇರೆಯವನ್ನು ಇಟ್ಟಿದ್ದಾರೆ ಎಂದು ಅಲ್ಲಿನ ಅಧಿಕಾರಿ ನಾಚಿಕೆಯಿಲ್ಲದೆ ಹೇಳಿದರು. ಪೊಲೀಸ್ ದೂರನ್ನೂ ಬರೆಸಿಟ್ಟಿದ್ದರು.

“ನಕಲಿ ಅಂತ ಬರದಬಿಡ್ರಿ ಅಕ್ಕಾರ, ಫೈಲ್ ಮುಗೀತೈತಿ,” ಎಂದರು ಅಧಿಕಾರಿ.

ಲೆನ್ಸ್ ಹಿಡಿದು ನೋಡಿದೆ. ಅಂಚಿನ ಹಳೆಯ ಬಿರುಕುಗಳು ನನ್ನ ಟಿಪ್ಪಣಿಯಲ್ಲಿದ್ದಂತೆಯೇ ಇದ್ದವು. ಮೇಲೆಲ್ಲ ಪಾಲಿಶ್ ಮಷಿನ್ನಿನ ಗೆರೆ. ಗೋಕಾಕದ ಪತ್ತಾರರ, ಅಂದರೆ ಅಕ್ಕಸಾಲಿಗರ, ಅಂಗಡಿಗಳಲ್ಲಿ ವಿಚಾರಿಸುತ್ತ ಹೋದೆ. ಎರಡನೆಯ ಅಂಗಡಿಯವರು ಒಂದು ಚೀಟಿ ತೆಗೆದು ಕೊಟ್ಟರು. ಅಧಿಕಾರಿಯದೇ ಕೈಬರಹ: ‘ಪುತಳಿ, ಹನ್ನೊಂದು. ಪಾಲಿಶ್.’

“ಪುತಳಿ ಅಂತ ಬರದಾರಲ್ರಿ. ಸರಕ್ಕ ಹಾಕೂವು ಅನ್ಕೊಂಡು ಮಷಿನ್‌ಗೆ ಹಿಡದೆ,” ಎಂದರು ಪತ್ತಾರರು.

ಯಾರೋ ದೊಡ್ಡವರು ಬರುವವರಿದ್ದರಂತೆ, ಫೋಟೊದಲ್ಲಿ ನಾಣ್ಯ ಹೊಳೆಯಬೇಕಿತ್ತಂತೆ. ಹಾಳಾದದ್ದನ್ನು ಮುಚ್ಚಲು ಒಬ್ಬ ಪ್ರಾಮಾಣಿಕನನ್ನು ಕಳ್ಳನನ್ನಾಗಿ ಮಾಡಲು ಹೊರಟಿದ್ದರು. ಆ ಅಧಿಕಾರಿಯ ಮುಖ ನೋಡಲೂ ಅಸಹ್ಯವಾಯಿತು. ಆದರೆ ಪುತಳಿ ಎಂಬ ಪದವನ್ನು ಆತ ಎತ್ತಿಕೊಂಡದ್ದು ನನ್ನ ರಸೀದಿಯಿಂದ. ನನ್ನ ಮೇಲೂ ಅಷ್ಟೇ ಹೇಸಿಗೆಯಾಯಿತು.

ಚೀಟಿ ಲಗತ್ತಿಸಿ ವರದಿ ಕೊಟ್ಟೆ. ದೂರು ನಿಂತಿತು. ಅಧಿಕಾರಿಗೆ ಒಂದು ನೋಟಿಸ್, ಅಷ್ಟೇ. ಕ್ಯಾಟಲಾಗಿನ ಟಂಕಸಾಲೆ ಕಾಲಮ್ಮಿನಲ್ಲಿ ಹನ್ನೊಂದು ಸಲ ‘ತಿಳಿಯದು’ ಎಂದು ಬರೆದೆ.

ನಾಣ್ಯಕ್ಕಿಂತ ಮೊದಲು ಅದನ್ನು ತಂದುಕೊಟ್ಟವರ ಹೆಸರು ಕಾಯಬೇಕು ಎಂಬುದನ್ನು ಈ ಕೆಲಸ ನನಗೆ ತಡವಾಗಿ ಕಲಿಸಿತು. ಕೊಣ್ಣೂರಿಗೆ ಹೋಗಿ ತಪ್ಪೊಪ್ಪಿಕೊಂಡೆ. ರಾಜೇಸಾಬರು ಚಹಾ ಕೊಟ್ಟು, ಎಲ್ಲ ಕೇಳಿಸಿಕೊಂಡರು.

“ನಿಮ್ಮ ಮ್ಯಾಲ ಸಿಟ್ಟಿಲ್ರಿ ಅಕ್ಕಾರ. ಆದ್ರ ಇನ್ನಮ್ಯಾಲೆ ಏನರ ಸಿಕ್ಕರ ಅಲ್ಲೇ ಮಣ್ಣ ಮುಚ್ಚತೇನಿ.”